ಹೊತ್ತಿಕೊಳ್ಳಲು ಒಲ್ಲದ ಬೆಂಕಿ



ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ ಹುಟ್ಟಿ ಬೆಳೆದ ನನಗೆ ಚಳಿ ಹೊಸದೇನಲ್ಲ. ಡಿಸೆಂಬರ್ ತಿಂಗಳ ಮುಂಜಾವಿನಲ್ಲಿ ಮಂಜು ಸೀಳಿಕೊಂಡು ಶಾಲೆಗೆ ನಡೆದವನು ನಾನು. ಮುಂದೆ ಮೂವತ್ತು ವರ್ಷ ಅದೇ ಹಾದಿಯಲ್ಲಿ ಮೇಷ್ಟರಾಗಿಯೂ ನಡೆದವನು. ಆದರೆ ಚಳಿಯೆಂದರೆ ಕೇವಲ ಮೈ ನಡುಗುವುದಲ್ಲ, ಅದು ಮನುಷ್ಯನ ವಿವೇಕವನ್ನೂ ಮರಗಟ್ಟಿಸಬಲ್ಲದು ಎಂಬುದನ್ನು ನಾನು ಅರಿತದ್ದು ನಿವೃತ್ತಿಯ ನಂತರ, ಬಹುದೂರದ ಅಮೆರಿಕದಲ್ಲಿ, ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ. ಆ ರಾತ್ರಿಯ ಅನುಭವವನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ನಮ್ಮ ಮಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯ ಸಮೀಪ ವಾಸವಾಗಿದ್ದಾನೆ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋಗಿದ್ದಾಗ, ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಅವನು ನಮ್ಮನ್ನು ಬ್ರೈಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದ. ಅಲ್ಲಿನ ಜನ ರಜೆಯಲ್ಲಿ ತಮ್ಮ ಮನೆಯನ್ನೇ ಬೆನ್ನ ಹಿಂದೆ ಎಳೆದುಕೊಂಡು ಹೋಗುತ್ತಾರೆ. ಅದಕ್ಕೆ ಟ್ರಾವೆಲ್ ಟ್ರೇಲರ್ ಎಂದು ಹೆಸರು. ಪಿಕಪ್ ಟ್ರಕ್ಕಿನ ಹಿಂಬದಿಗೆ ಕಟ್ಟಿದ ಆ ಪುಟ್ಟ ಮನೆಯಲ್ಲಿ ಎರಡು ಮಂಚ, ಗ್ಯಾಸ್ ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಇರುತ್ತವೆ. ಮುಂಭಾಗದಲ್ಲಿ ಎರಡು ಪ್ರೊಪೇನ್ ಸಿಲಿಂಡರುಗಳು, ಪಕ್ಕದಲ್ಲಿ 12 ವೋಲ್ಟಿನ ಬ್ಯಾಟರಿ.

ಬ್ರೈಸ್ ಕ್ಯಾನ್ಯನ್ನಿನ ಅಂಚು ಸಮುದ್ರಮಟ್ಟದಿಂದ 8,000 ಅಡಿಗೂ ಹೆಚ್ಚು ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ಶಿಖರವೂ ಅಷ್ಟು ಎತ್ತರವಿಲ್ಲ. ಅಲ್ಲಿನ ಕೆಂಪು ಕಲ್ಲಿನ ಕಂಬಗಳನ್ನು ಕೆತ್ತಿದ ಶಿಲ್ಪಿ ಹಿಮವೇ. ಬಿರುಕಿನೊಳಗೆ ಇಳಿದ ನೀರು ಇರುಳಿನಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲಿನಲ್ಲಿ ಕರಗುತ್ತದೆ, ಹೀಗೆ ಬಂಡೆಯನ್ನೇ ಸೀಳುತ್ತದೆ. ಹಗಲು ಕಂಡ ಆ ಸೌಂದರ್ಯಕ್ಕೆ ಕಾರಣವಾದ ಚಳಿಯೇ ರಾತ್ರಿ ನಮ್ಮ ಬಾಗಿಲಿಗೂ ಬರುತ್ತದೆಂದು ನಾನು ಯೋಚಿಸಿರಲಿಲ್ಲ.

ನಾವು ತಂಗಿದ್ದ ಸ್ಥಳದಲ್ಲಿ ವಿದ್ಯುತ್ ಸಂಪರ್ಕ ಇರಲಿಲ್ಲ. ಮೊದಲ ಸಂಜೆಯೇ ಮಗ ಅಲ್ಲಿನ ಫರ್ನೇಸನ್ನು ತೋರಿಸಿದ. ಇದು ನಮ್ಮ ಅಗ್ಗಿಷ್ಟಿಕೆಯಂತಲ್ಲ. ಬೆಂಕಿ ಉರಿಯುವುದು ಮುಚ್ಚಿದ ಲೋಹದ ಗೂಡಿನೊಳಗೆ. ಆ ಬೆಂಕಿಗೆ ಬೇಕಾದ ಗಾಳಿ ಹೊರಗಿನಿಂದಲೇ ಬರುತ್ತದೆ. ಹೊಗೆಯೂ ಹೊರಕ್ಕೇ ಹೋಗುತ್ತದೆ. ಕೋಣೆಯ ಗಾಳಿ ಆ ಗೂಡಿನ ಹೊರಮೈಯನ್ನು ಮಾತ್ರ ಸವರಿ, ಬಿಸಿಯಾಗಿ ಮರಳುತ್ತದೆ. ಎರಡು ಗಾಳಿಗಳೂ ಒಂದನ್ನೊಂದು ಮುಟ್ಟುವುದಿಲ್ಲ. ಎರಡನ್ನೂ ನಡೆಸುವುದು ಬ್ಯಾಟರಿಯಿಂದ ತಿರುಗುವ ಒಂದೇ ಮೋಟಾರು. "ಗ್ಯಾಸ್ ಎಷ್ಟೇ ಇದ್ದರೂ ಬ್ಯಾಟರಿ ಇಲ್ಲದಿದ್ದರೆ ಇದು ಉರಿಯುವುದಿಲ್ಲ ಅಪ್ಪಾ" ಎಂದು ಅವನು ಹೇಳಿದಾಗ ನಾನು ತಲೆಯಾಡಿಸಿದೆ. ಸಂಜೆಯೆಲ್ಲ ಅದು ಚೆನ್ನಾಗಿಯೇ ಉರಿಯಿತು. ಎರಡನೆಯ ರಾತ್ರಿ ಮಲಗುವ ಮುನ್ನ, ಓಡಾಡಲು ಜಾಗವಾಗಲೆಂದು ನನ್ನ ಸೂಟ್‌ಕೇಸನ್ನು ಮಂಚದ ಬುಡಕ್ಕೆ ಒತ್ತಿ ಸರಿಸಿ, ಅದರ ಮೇಲೆ ಉಣ್ಣೆಯ ಕೋಟುಗಳನ್ನು ಪೇರಿಸಿ ನೆಮ್ಮದಿಯಿಂದ ಮಲಗಿದೆ.

ನಡುರಾತ್ರಿ ಎಚ್ಚರವಾದಾಗ ಮೂಗಿನ ತುದಿ ಮರಗಟ್ಟಿತ್ತು. ಹೊರಗೆ ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ. ಕಿಟಕಿಯ ಗಾಜಿನ ಒಳಮೈಯಲ್ಲಿಯೇ ಮಂಜಿನ ಪದರ. ಐದು ವರ್ಷದ ಮೊಮ್ಮಗಳು ತಾಯಿಯ ಎದೆಗೆ ಅಂಟಿಕೊಂಡು ಕೆಮ್ಮುತ್ತಿದ್ದಳು. ಫರ್ನೇಸಿನ ಬ್ಲೋವರ್ ಗೊರ್ ಎಂದು ತಿರುಗುತ್ತಿತ್ತು, ಆದರೆ ಬರುತ್ತಿದ್ದುದು ತಣ್ಣನೆಯ ಗಾಳಿ.

ಮಗ ಎದ್ದು ಟಾರ್ಚ್ ಹಿಡಿದ. "ಮೊದಲು ಗ್ಯಾಸ್ ಇದೆಯೋ ಇಲ್ಲವೋ ನೋಡೋಣ" ಎಂದು ಒಲೆ ಹಚ್ಚಿದ. ನೀಲಿ ಜ್ವಾಲೆ ಸ್ಥಿರವಾಗಿ ಎದ್ದಿತು. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎರಡರ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸಿಬಿಡುತ್ತದೆ. ಪ್ರೊಪೇನ್ ಆದರೋ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಅನಿಲವಾಗಿ ಬರುತ್ತದೆ. ಶೀತದೇಶದವರು ಅದನ್ನೇ ನೆಚ್ಚಿಕೊಂಡಿರುವುದು ಈ ಕಾರಣಕ್ಕೆ. ಗ್ಯಾಸ್ ಇತ್ತು, ರೆಗ್ಯುಲೇಟರ್ ಸರಿಯಿತ್ತು. ದೋಷ ಬೇರೆಲ್ಲೋ ಇತ್ತು.

ಆದರೆ ಓದುಗರೇ, ಆ ಒಲೆಯ ಶಾಖ ನನ್ನ ಅಂಗೈಗೆ ತಾಗಿದ ಕ್ಷಣದಲ್ಲಿ ನನಗೆ ದೋಷ ಹುಡುಕುವ ಆಸೆಯೇ ಉಳಿಯಲಿಲ್ಲ. "ಇದನ್ನೇ ಬೆಳಗಿನವರೆಗೆ ಉರಿಯಲು ಬಿಡೋಣ ಕಣಪ್ಪಾ, ಮಗು ನಡುಗುತ್ತಿದೆ" ಎಂದೆ. ಸೊಸೆಯೂ ಆಸೆಯ ಕಣ್ಣಿನಿಂದ ಗಂಡನತ್ತ ನೋಡಿದಳು. ಮಗ ಮಾತಾಡದೆ ಕೈ ಚಾಚಿ ಒಲೆಯನ್ನು ಆರಿಸಿದ. ಅವನ ಮೇಲೆ ನನಗೆ ಸಿಟ್ಟು ಬಂದಿತು. "ಅಪ್ಪಾ, ನೀವೇ ಅಲ್ಲವೇ ನನಗೆ ಆ ಲೈನ್ ಮನೆಯ ಕಥೆ ಹೇಳಿದ್ದು?" ಎಂದ.

ನಾನು ಕುಳಿತುಬಿಟ್ಟೆ. ನಾನಾಗ ಆರನೆಯ ತರಗತಿಯಲ್ಲಿದ್ದೆ. ನಮ್ಮ ಮನೆಯ ಕೆಳಗಿನ ತೋಟದ ಕೂಲಿಲೈನಿನಲ್ಲಿ ಹೊಸದಾಗಿ ಮದುವೆಯಾದ ಇಬ್ಬರು ಚಳಿಯೆಂದು ಬಾಣಲೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು, ಬಾಗಿಲು ಕಿಟಕಿ ಭದ್ರಪಡಿಸಿ ಮಲಗಿದ್ದರು. ಬೆಳಿಗ್ಗೆ ಬಾಗಿಲು ಒಡೆದಾಗ ಇಬ್ಬರೂ ನಿದ್ರಿಸುತ್ತಿರುವಂತೆಯೇ ಇದ್ದರು. ದೆವ್ವದ ಕಾಟವೆಂದು ಜನ ಆಡಿಕೊಂಡರು. ಅದು ದೆವ್ವವಲ್ಲ, ಕಾರ್ಬನ್ ಮೊನಾಕ್ಸೈಡ್. ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಆಮೇಲೆ ಮಂಪರು. ಮಂಪರು ಹಿಡಿದವನಿಗೆ ಎದ್ದು ಬಾಗಿಲು ತೆರೆಯಬೇಕೆಂಬ ಬುದ್ಧಿಯೇ ಉಳಿಯುವುದಿಲ್ಲ. ಇದನ್ನು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಆದರೂ ಚಳಿ ತಾಗಿದಾಗ ಮೊದಲು ಮರೆತವನೂ ನಾನೇ.

ಮಗ ಕ್ರಮವಾಗಿ ಪರೀಕ್ಷಿಸತೊಡಗಿದ. ಫರ್ನೇಸ್ ತನ್ನ ಕೆಲಸವನ್ನು ಒಂದರ ನಂತರ ಒಂದಾಗಿ ಮಾಡುತ್ತದೆಯಂತೆ. ಥರ್ಮೋಸ್ಟಾಟ್ ಶಾಖ ಬೇಕೆಂದು ಕೇಳುತ್ತದೆ. ಬ್ಲೋವರ್ ತಿರುಗಿ ಕೆಲವು ಸೆಕೆಂಡು ಗೂಡನ್ನು ಗಾಳಿಯಿಂದ ಶುದ್ಧಗೊಳಿಸುತ್ತದೆ. ಗಾಳಿಯ ಹಾದಿಯಲ್ಲಿ ಹಾಯಿಪಟದಂತೆ ತೂಗುವ ಒಂದು ಪುಟ್ಟ ತಗಡಿದೆ, ಅದಕ್ಕೆ ಸೈಲ್ ಸ್ವಿಚ್ ಎಂದು ಹೆಸರು. ಗಾಳಿ ಬಲವಾಗಿ ಬೀಸಿ ಆ ತಗಡನ್ನು ತಳ್ಳಿದರೆ ಮಾತ್ರ ಮುಂದಿನ ಹೆಜ್ಜೆಗೆ ಅಪ್ಪಣೆ. ಆಗ ಗ್ಯಾಸಿನ ವಾಲ್ವ್ ತೆರೆಯುತ್ತದೆ, ಟಿಕ್ ಟಿಕ್ ಎಂದು ಕಿಡಿ ಹಾರುತ್ತದೆ, ಬೆಂಕಿ ಹೊತ್ತುತ್ತದೆ. ಹೊತ್ತಿದ್ದು ಖಚಿತವಾಗದಿದ್ದರೆ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. "ಯಾವ ಹೆಜ್ಜೆಯಲ್ಲಿ ನಿಂತಿದೆ ಎಂದು ಕಿವಿಯಿಂದಲೇ ತಿಳಿಯಬಹುದು. ಬ್ಲೋವರ್ ತಿರುಗುತ್ತಿದೆ, ಟಿಕ್ ಟಿಕ್ ಕೇಳುತ್ತಿಲ್ಲ. ಅಂದರೆ ಸೈಲ್ ಸ್ವಿಚ್ ಒಪ್ಪುತ್ತಿಲ್ಲ" ಎಂದ.

ಹೊರಗೆ ಹೋಗಿ ಮಲ್ಟಿಮೀಟರಿನಿಂದ ಬ್ಯಾಟರಿಯನ್ನು ಅಳೆದ. ತುಂಬಿದ ಬ್ಯಾಟರಿ 12.6 ವೋಲ್ಟಿನಷ್ಟು ತೋರಿಸಬೇಕು. ಬ್ಲೋವರ್ ತಿರುಗುವಾಗ ನಮ್ಮದು 10.9ಕ್ಕೆ ಇಳಿದಿತ್ತು. ಎರಡು ರಾತ್ರಿ ದುಡಿದು ಅದು ಬಳಲಿತ್ತು. ಟ್ರಕ್ಕಿನ ಹೊಗೆ ನಮ್ಮ ಕಡೆಗೆ ಬಾರದಂತೆ ನೋಡಿಕೊಂಡು, ಜಂಪರ್ ಕೇಬಲಿನಿಂದ ಅದರ ಬ್ಯಾಟರಿಯನ್ನು ನಮ್ಮದಕ್ಕೆ ಜೋಡಿಸಿ ಎಂಜಿನ್ ಚಾಲೂ ಮಾಡಿದ. ಬ್ಲೋವರಿನ ಸದ್ದು ಏರಿತು. ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಕಿಡಿಯ ಸದ್ದು ಮಾತ್ರ ಬರಲಿಲ್ಲ.

ಈಗ ಸೋತ ಮುಖ ಮಗನದು. ಫರ್ನೇಸಿನ ಮುಚ್ಚಳ ತೆಗೆದು, ಒಂದು ತುಂಡು ತಂತಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತ. "ಈ ಸ್ವಿಚ್ಚಿನ ಎರಡು ಕೊನೆಗಳನ್ನು ತಂತಿಯಿಂದ ಸೇರಿಸಿಬಿಟ್ಟರೆ ಅದು ಒಪ್ಪಿದೆಯೆಂದೇ ಯಂತ್ರ ತಿಳಿಯುತ್ತದೆ, ಬೆಂಕಿ ಹೊತ್ತುತ್ತದೆ. ಒಂದು ರಾತ್ರಿಯ ಮಟ್ಟಿಗೆ" ಎಂದ. ಅರ್ಧ ಗಂಟೆಯ ಹಿಂದೆ ನನ್ನ ಕೈ ತಡೆದವನು ಅವನು. ಈಗ ಅದೇ ಚಳಿ, ಅದೇ ಮಗುವಿನ ಕೆಮ್ಮು ಅವನನ್ನೂ ಅಲ್ಲಿಗೇ ತಂದು ನಿಲ್ಲಿಸಿತ್ತು.

ಯಂತ್ರದ ವಿದ್ಯೆ ನನಗೆ ತಿಳಿಯದು. ಆದರೆ ಪ್ರಶ್ನೆ ಕೇಳುವುದು ನನ್ನ ಕಸುಬಾಗಿತ್ತು. "ಆ ಸ್ವಿಚ್ಚು ನಿನ್ನನ್ನು ಏನು ಕೇಳುತ್ತಿದೆ?" ಎಂದೆ.

"ಗಾಳಿ ಸಾಕಷ್ಟು ಇದೆಯೇ ಎಂದು."

"ಇಲ್ಲ ಎಂದು ಅದಕ್ಕೆ ತೋರಿದೆ. ನೀನು ಇದೆ ಎಂದು ಸುಳ್ಳು ಹೇಳಿಸಲು ಹೊರಟಿದ್ದೀಯೆ. ಹಾಗಾದರೆ ಅದಕ್ಕೆ ಗಾಳಿ ಬರುವುದು ಎಲ್ಲಿಂದ?"

ಅವನು ತಲೆಯೆತ್ತಿ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಟಾರ್ಚಿನ ಬೆಳಕನ್ನು ಮಂಚದ ಬುಡಕ್ಕೆ ತಿರುಗಿಸಿದ. ಅಲ್ಲಿ ನನ್ನ ಸೂಟ್‌ಕೇಸ್, ಅದರ ಮೇಲೆ ಕೋಟುಗಳ ರಾಶಿ. ಎಲ್ಲವನ್ನೂ ಎಳೆದು ಸರಿಸಿದಾಗ ಹಿಂದೆ ಮರದ ಹಲಗೆಯಲ್ಲಿ ಒಂದು ಜಾಲರಿ ಕಾಣಿಸಿತು. ಕೋಣೆಯ ಗಾಳಿ ಫರ್ನೇಸಿಗೆ ಮರಳುವ ಹಾದಿ ಅದು. ನಾನು ಆ ಮನೆಯ ಮೂಗನ್ನೇ ಮುಚ್ಚಿ ಮಲಗಿದ್ದೆ!

ಥರ್ಮೋಸ್ಟಾಟನ್ನು ಆರಿಸಿ ಮತ್ತೆ ಹಚ್ಚಿದ. ಬ್ಲೋವರಿನ ಸದ್ದು ಈ ಬಾರಿ ಬೇರೆಯೇ ಆಗಿತ್ತು, ತುಂಬಿದ ಎದೆಯ ಉಸಿರಿನಂತೆ. ಹದಿನೈದು ಸೆಕೆಂಡಿನ ನಂತರ ಟಿಕ್, ಟಿಕ್, ಟಿಕ್. ಭುಗ್ ಎಂದು ಒಳಗೆಲ್ಲೋ ಬೆಂಕಿ ಹೊತ್ತಿತು. ಪಾದದ ಬಳಿಗೆ ಬೆಚ್ಚನೆಯ ಗಾಳಿ ಬಂದಾಗ ಮೊಮ್ಮಗಳು "ಅಜ್ಜ, ಸರಿಹೋಯ್ತು" ಎಂದು ಕಣ್ಣು ಮುಚ್ಚಿದಳು. ಮಗ ಆ ತಂತಿಯ ತುಂಡನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ನಾವಿಬ್ಬರೂ ಅದರ ವಿಷಯ ಮತ್ತೆ ಎತ್ತಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಎರಡು ಗಂಟೆ ಕಾಲ ನಾವು ಆ ಯಂತ್ರವನ್ನು ಕೆಟ್ಟದ್ದು, ಹಟಮಾರಿ ಎಂದು ಬಯ್ದಿದ್ದೆವು. ವಾಸ್ತವದಲ್ಲಿ ಅದರಲ್ಲಿ ಒಂದು ತಿರುಪೂ ಕೆಟ್ಟಿರಲಿಲ್ಲ. ಗಾಳಿಯಿಲ್ಲದೆ ಬೆಂಕಿ ಹಚ್ಚುವುದಿಲ್ಲವೆಂದು ಅದು ಪಟ್ಟು ಹಿಡಿದಿತ್ತು, ಅಷ್ಟೇ. ಆ ನಿರಾಕರಣೆಯೇ ಅದರ ಕರ್ತವ್ಯ. ನಮ್ಮ ಬದುಕಿನಲ್ಲಿಯೂ "ಬೇಡ" ಎನ್ನುವವರನ್ನು ನಾವು ಎಷ್ಟು ಬೇಗ ಬದಿಗೆ ಸರಿಸಿಬಿಡುತ್ತೇವೆ! ಒಲೆ ಆರಿಸಿದ ಮಗನ ಮೇಲೆ ನನಗೆ ಬಂದ ಸಿಟ್ಟನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇದು ಅಮೆರಿಕದ ಟ್ರೇಲರಿನ ಕಥೆ, ನಮಗೇನು ಎಂದು ನೀವು ಕೇಳಬಹುದು. ಊರಿಗೆ ಮರಳಿದ ಮಾರನೆಯ ದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದೆ. ನಮ್ಮ ಬಚ್ಚಲುಮನೆ ಚಿಕ್ಕದು. ಗೋಡೆಗೆ ಗ್ಯಾಸ್ ಗೀಸರ್ ಹಾಕಿಸಿದ್ದೆವು. ಎತ್ತರದಲ್ಲಿ ಒಂದೇ ಒಂದು ಗವಾಕ್ಷಿ. ಚಳಿಗಾಳಿ ಬರುತ್ತದೆಂದು ಅದಕ್ಕೆ ಹಳೆಯ ದಿನಪತ್ರಿಕೆ ಮಡಿಸಿ ತುರುಕಿದ್ದೆ, ಐದಾರು ವರ್ಷಗಳ ಹಿಂದೆ, ನನ್ನ ಕೈಯಾರೆ. ಆ ಗೀಸರಿನ ಬೆಂಕಿ ನಾವು ಉಸಿರಾಡುವ ಗಾಳಿಯನ್ನೇ ಬಳಸಿ, ಹೊಗೆಯನ್ನು ಅದೇ ಕೋಣೆಗೆ ಬಿಡುತ್ತಿತ್ತು. ಪತ್ನಿ ಎಷ್ಟೋ ಸಲ "ಸ್ನಾನ ಮಾಡಿ ಬಂದರೆ ತಲೆ ಸಿಡಿಯುತ್ತದೆ" ಎಂದಿದ್ದಳು. ಅಮೃತಾಂಜನ ಹಚ್ಚಿಕೋ ಎಂದು ಹೇಳಿ ಸುಮ್ಮನಾಗಿದ್ದೆ. ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಜೀವ ಕಳೆದುಕೊಂಡವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅಂಥದೊಂದು ಸುದ್ದಿಯ ಹಾಳೆಯನ್ನೇ ನಾನು ಆ ಗವಾಕ್ಷಿಗೆ ತುರುಕಿದ್ದೆನೋ ಏನೋ.

ಅಂದು ಸ್ನಾನ ಮಾಡಲಿಲ್ಲ. ಏಣಿ ತಂದು ಕಾಗದವನ್ನು ಕಿತ್ತೆ. ಅದೇ ವಾರ ಗೀಸರನ್ನು ಹೊರಗೋಡೆಗೆ ವರ್ಗಾಯಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತಂದೆವು. ಪತ್ನಿಯ ತಲೆನೋವು ಆಮೇಲೆ ಮರುಕಳಿಸಲಿಲ್ಲ.

ಓದುಗರೇ, ಈ ಪತ್ರಿಕೆಯನ್ನು ಮಡಿಸಿಟ್ಟ ಮೇಲೆ ದಯಮಾಡಿ ಒಮ್ಮೆ ಎದ್ದು ನಿಮ್ಮ ಬಚ್ಚಲುಮನೆಯನ್ನು ನೋಡಿ ಬನ್ನಿ. ಗೀಸರ್ ಒಳಗಿದ್ದರೆ ಹೊರಗೆ ಹಾಕಿಸಿ. ಅದಾಗುವವರೆಗೆ ಮೊದಲೇ ಬಕೆಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ, ಮನೆಯಲ್ಲಿ ಎಳೆಯ ಮಗುವಿದ್ದರಂತೂ ಬೇಡವೇ ಬೇಡ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದುದು, ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಎಚ್ಚರಿಸಲೆಂದೇ ಅದಕ್ಕೆ ದುರ್ವಾಸನೆ ಬೆರೆಸಿರುತ್ತಾರೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆಯಿರಿ. ಕಾರ್ಬನ್ ಮೊನಾಕ್ಸೈಡಿಗೆ ಮಾತ್ರ ಆ ಕರುಣೆಯೂ ಇಲ್ಲ. ಅದು ಸದ್ದಿಲ್ಲದೆ ಬರುತ್ತದೆ.

ನಮ್ಮ ಮನೆಯಲ್ಲಿ ಆ ಗವಾಕ್ಷಿ ಈಗ ಸದಾ ತೆರೆದೇ ಇರುತ್ತದೆ. ಡಿಸೆಂಬರ್ ಮುಂಜಾವಿನಲ್ಲಿ ಅಲ್ಲಿಂದ ಚಳಿಗಾಳಿ ನೇರವಾಗಿ ಬೆನ್ನಿಗೆ ಬೀಸುತ್ತದೆ. ನಡುಗುತ್ತಲೇ ಸ್ನಾನ ಮಾಡುತ್ತೇನೆ.