ರಸ್ತೆ ನಮ್ಮದು, ಕೇಬಲ್ ಅವರದು

ಜನವರಿ 6, 2025, ಸೋಮವಾರ

ಇವತ್ತೂ ಪಂಚಾಯಿತಿಯಲ್ಲಿ ನೆಟ್ ಇಲ್ಲ. ಚರಂಡಿ ಕೆಲಸದ ಜೆಸಿಬಿ ಕೇಬಲ್ ಕಿತ್ತ ಮೇಲೆ ಹೀಗೇ. ಇ-ಸ್ವತ್ತಿನ ನಮೂನೆ 9ಕ್ಕೆ ಬಂದಿದ್ದ ಅಜ್ಜಿ, "ಏನಮ್ಮ, ಓಟು ಕೇಳೋಕೆ ಮಾತ್ರ ಬರ್ತೀಯಾ?" ಅಂದರು. ಪಿಡಿಒ ತಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿ ಕೆಲಸ ಮುಗಿಸಿಕೊಟ್ಟರು. ಬೈಸಿಕೊಳ್ಳುವ ಅಧಿಕಾರ ಪೂರ್ತಿ ಸದಸ್ಯರದು. ರಿಪೇರಿ ಮಾಡಿಸುವ ಅಧಿಕಾರ ಮಾತ್ರ ಇಲ್ಲ.

ಜನವರಿ 9, ಗುರುವಾರ

ರಾತ್ರಿ ಕಾಯ್ದೆ ಪುಸ್ತಕ ತೆಗೆದು ಕೂತೆ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು 29 ವಿಷಯ. ಕುಡಿಯುವ ನೀರು, ರಸ್ತೆ, ವಿದ್ಯುತ್, ಗ್ರಂಥಾಲಯ ಎಲ್ಲ ಇವೆ, ದೂರಸಂಪರ್ಕ ಇಲ್ಲ. ಅದು ಕೇಂದ್ರ ಪಟ್ಟಿಯ 31ನೇ ನಮೂದು. 1885ರ ಟೆಲಿಗ್ರಾಫ್ ಕಾಯ್ದೆಯಿಂದ 2023ರ ದೂರಸಂಪರ್ಕ ಕಾಯ್ದೆಯವರೆಗೂ ಜಾಲ ನಡೆಸಲು ದಿಲ್ಲಿಯ ಅನುಮತಿಯೇ ಬೇಕು. ಈ ಜನವರಿ 1ರಿಂದ ಕೇಬಲ್ ಹಾಯಿಸುವ ಹೊಸ ನಿಯಮ ಜಾರಿಯಾಗಿದೆ. ಅರ್ಜಿ ಬಂದರೆ ಗಡುವಿನೊಳಗೆ ಒಪ್ಪಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಎಳ್ಳು ಬೀರಲು ನುಗ್ಗೇಹಳ್ಳಿಗೆ, ಸೋದರಮಾವನ ಮನೆಗೆ. ಅವರು ಟೆಲಿಫೋನ್ ಇಲಾಖೆಯ ಹಳೇ ಲೈನ್‌ಮನ್. ಜೊತೆಯಲ್ಲೇ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋದೆವು. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ್ದು. ಬೈಚೋಜ, ಮಲ್ಲಿತಮ್ಮ ತಾವು ಕಡೆದ ವಿಗ್ರಹಗಳಲ್ಲಿ ಹೆಸರು ಕೊರೆದಿದ್ದಾರೆ. ಮಾವ ಅದನ್ನು ತೋರಿಸಿ, "ನೋಡು, ಯಾರ ಕೆಲಸ ಅಂತ ಇವತ್ತಿಗೂ ಗೊತ್ತಾಗುತ್ತೆ. ನಿಮ್ಮ ಕೇಬಲ್ ಯಾರ ಕೆಲಸ ಅಂತ ಹೇಳು ಮತ್ತೆ" ಅಂದರು.

ಊಟವಾದ ಮೇಲೆ ಕಿತ್ತೂರಿನ ಕತೆ. 1986ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದು ಅಲ್ಲೇ. ಏಸಿ ಇಲ್ಲದೆ, ಧೂಳು ಸೆಕೆ ತಡೆದುಕೊಂಡು ನಡೆಯುವ ಪೆಟ್ಟಿಗೆ. "ಪೆಟ್ಟಿಗೆ ಚೆನ್ನಾಗಿತ್ತು ಕಣಮ್ಮ. ಆದ್ರೆ ಲೈನು ಹೋದ್ರೆ ಸೈಕಲ್ ತಗೊಂಡು ಹೋಗೋಕೆ ಒಬ್ಬ ಇರಬೇಕಿತ್ತಲ್ಲ!"

ಜನವರಿ 19, ಭಾನುವಾರ

ಬೆಂಗಳೂರಿನಿಂದ ಮಗನ ಫೋನು. ಅಮೆರಿಕದ ಚಾಟನೂಗ ಊರಿನ ವಿದ್ಯುತ್ ಮಂಡಳಿ 2010ರಲ್ಲೇ ಊರಿಗೆಲ್ಲ ಗಿಗಾಬಿಟ್ ಇಂಟರ್ನೆಟ್ ಕೊಟ್ಟಿತಂತೆ. ತನ್ನ ಗಡಿಯಾಚೆಗೂ ಕೊಡಲು ಹೊರಟರೆ ರಾಜ್ಯದ ಕಾನೂನು ಅಡ್ಡ ಬಂತು, 2016ರಲ್ಲಿ ಕೋರ್ಟೂ ರಾಜ್ಯದ ಪರವೇ ನಿಂತಿತು. ಕೇರಳದ ಕೆ-ಫೋನ್ ಇಂಟರ್ನೆಟ್ ಜಾಲ 2023ರ ಜೂನ್ 5ರಂದು ಉದ್ಘಾಟನೆಯಾಯಿತು, ಅದೂ ಪಂಚಾಯಿತಿಯದಲ್ಲ, ಸರ್ಕಾರದ ಕಂಪನಿಯದು. ನಮ್ಮ ಭಾರತ್‌ನೆಟ್ 2011ರಲ್ಲಿ ಮಂಜೂರಾದಾಗ ಗುರಿ ಎರಡೂವರೆ ಲಕ್ಷ ಪಂಚಾಯಿತಿ. 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿ. ಇಷ್ಟಾದರೂ ಪಂಚಾಯಿತಿ ಅದರ ಗಿರಾಕಿ, ಯಜಮಾನ ಅಲ್ಲ.

ಯಜಮಾನಿಕೆ ಕೊಟ್ಟರೆ ನಡೆಸುತ್ತೇವಾ? ನೀರಿನ ಕಂದಾಯವೇ ವಸೂಲಾಗುತ್ತಿಲ್ಲ, ನೆಟ್ ದುಡ್ಡು ಯಾರು ಕೊಡುತ್ತಾರೆ? ಆದರೆ ಪೈಪ್ ಒಡೆದರೆ ನೀರುಗಂಟಿ ಸಂಜೆಯೊಳಗೆ ಹಾಜರ್, ಯಾಕೆಂದರೆ ಅವನ ಸಂಬಳ ನಮ್ಮ ಕೈಯಲ್ಲಿದೆ. ಇಡೀ ಜಾಲ ನಮಗೆ ಬೇಡ, ರಿಪೇರಿಯವನು ನಮಗೆ ಜವಾಬು ಕೊಡುವಂತಾದರೆ ಸಾಕು.

ಜನವರಿ 23, ಗುರುವಾರ

ಸಾಮಾನ್ಯ ಸಭೆ. ಮೂರು ವಿಷಯ ಇಟ್ಟೆ. ಒಂದು, ಅರಿವು ಕೇಂದ್ರದಲ್ಲಿ ಪಿಎಂ-ವಾಣಿ ವೈಫೈ. 2020ರ ಡಿಸೆಂಬರಿನಲ್ಲಿ ಒಪ್ಪಿಗೆಯಾದ ಯೋಜನೆ, ಅದನ್ನು ನಡೆಸುವ ಅಂಗಡಿಗೂ ಪಂಚಾಯಿತಿಗೂ ಲೈಸೆನ್ಸ್ ಬೇಕಿಲ್ಲ. ಪಾಸಾಯಿತು. ಎರಡು, ಅಗೆಯುವ ಮುಂಚೆ 'ಕಾಲ್ ಬಿಫೋರ್ ಯು ಡಿಗ್' ಆ್ಯಪಿನಲ್ಲಿ ತಿಳಿಸಬೇಕೆಂದು ನಮ್ಮ ಕಾಮಗಾರಿಗಳ ಷರತ್ತಿಗೆ ಸೇರಿಸುವುದು. "ಕಂಟ್ರಾಕ್ಟರಿಗೆ ಇನ್ನೊಂದು ತಲೆನೋವು" ಅಂತ ಇಬ್ಬರು ಗೊಣಗಿದರು, ಆದರೂ ಪಾಸಾಯಿತು. ಕೆಲಸದ ಆದೇಶ ನಮ್ಮದೇ, ಅದಕ್ಕೆ ಯಾರ ಅನುಮತಿಯೂ ಬೇಡ. ಮೂರು, ಹೋಬಳಿಗೊಬ್ಬ ಕೇಬಲ್ ರಿಪೇರಿಯವನು, ಅವನ ಕೆಲಸಕ್ಕೆ ಪಂಚಾಯಿತಿ ಸಹಿ ಹಾಕಿದ ಮೇಲೇ ಬಿಲ್ಲು. ಇದು ನಮ್ಮ ಕೈಮೀರಿದ್ದು, ಹಾಗಾಗಿ ಬರೀ ಶಿಫಾರಸು. ನಾಳೆ ಅಧ್ಯಕ್ಷರ ಸಹಿ ಹಾಕಿಸಿ ಚನ್ನರಾಯಪಟ್ಟಣದ ತಾಲ್ಲೂಕು ಪಂಚಾಯಿತಿಗೆ ನಾನೇ ಒಯ್ಯಬೇಕು. ಶನಿವಾರ ರಜೆ.