ಕತ್ತಲಲ್ಲಿ ಓದುವ ಪತ್ರಿಕೆ

ಆಕಾಶ ನೋಡುವ ಹವ್ಯಾಸಿಗಳ ಪತ್ರಿಕೆಯನ್ನು ಎರಡು ಸಲ ಓದಬೇಕು. ಹಗಲಲ್ಲಿ ಒಮ್ಮೆ, ಸಾವಧಾನವಾಗಿ. ರಾತ್ರಿ ದುರ್ಬೀನಿನ ಪಕ್ಕ ನಿಂತು ಇನ್ನೊಮ್ಮೆ. ಅದರ ವಿನ್ಯಾಸ ಗೆಲ್ಲುವುದೂ ಸೋಲುವುದೂ ಈ ಎರಡನೆಯ ಓದಿನಲ್ಲೇ.

ನನಗೆ ಈ ಪಾಠ ಕಲಿಸಿದ್ದು ಅಮೆರಿಕದ 'ಸ್ಕೈ ಅಂಡ್ ಟೆಲಿಸ್ಕೋಪ್'. ಚಾರ್ಲ್ಸ್ ಮತ್ತು ಹೆಲೆನ್ ಫೆಡರರ್ ದಂಪತಿ 'ದಿ ಸ್ಕೈ', 'ದಿ ಟೆಲಿಸ್ಕೋಪ್' ಎಂಬ ಎರಡು ಪತ್ರಿಕೆಗಳನ್ನು ಒಂದಾಗಿಸಿ 1941ರಲ್ಲಿ ಹೊರತಂದ ಮಾಸಿಕ ಇದು. ಸಂಚಿಕೆ ಕೈಗೆ ಬಂದರೆ ನನ್ನ ಬೆರಳು ನೇರ ನಡುಪುಟಕ್ಕೆ ಹೋಗುತ್ತದೆ. ಅಲ್ಲಿ ಆ ತಿಂಗಳ ಆಕಾಶವೆಲ್ಲ ಒಂದು ವೃತ್ತದೊಳಗೆ ಇರುತ್ತದೆ. ಅಂಚು ದಿಗಂತ, ನಡುವೆ ನೆತ್ತಿ. ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೇವೋ ಆ ದಿಕ್ಕಿನ ಹೆಸರು ಕೆಳಗೆ ಬರುವಂತೆ ಹಾಳೆ ತಿರುಗಿಸಿಕೊಂಡರೆ ಸಾಕು. ಭೂಪಟದಲ್ಲಿ ಬಲಗಡೆ ಇರುವ ಪೂರ್ವ ಇಲ್ಲಿ ಎಡಗಡೆ ಇರುತ್ತದೆ, ಏಕೆಂದರೆ ಇದು ಮೇಲೆ ನೋಡುವವರ ನಕ್ಷೆ. ಪ್ರಕಾಶಮಾನ ನಕ್ಷತ್ರಕ್ಕೆ ದೊಡ್ಡ ಚುಕ್ಕೆ, ಮಂಕು ನಕ್ಷತ್ರಕ್ಕೆ ಸಣ್ಣದು. ವಿವರಣೆ ಓದದೆಯೇ ಕಣ್ಣಿಗೆ ಅರ್ಥವಾಗುವ ಬರಹ ಅದು.

ಈ ಪುಟಕ್ಕೆ ಬೇರೆ ಯಾವ ಪತ್ರಿಕೆಗೂ ಇಲ್ಲದ ಕಟ್ಟುಪಾಡೊಂದಿದೆ. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಕಣ್ಣಿನೊಳಗೆ ಕೂಡಿಕೊಂಡ ರೊಡಾಪ್ಸಿನ್ ಎಂಬ ವರ್ಣದ್ರವ್ಯವನ್ನು ಒಂದು ಬಿಳಿ ಟಾರ್ಚಿನ ಬೆಳಕು ಕ್ಷಣದಲ್ಲಿ ಅಳಿಸಿಬಿಡುತ್ತದೆ. ಗಾಢ ಕೆಂಪು ಬೆಳಕಿಗೆ ಅದು ಅಷ್ಟಾಗಿ ಅಲುಗುವುದಿಲ್ಲ. ಆದ್ದರಿಂದ ಹವ್ಯಾಸಿಯ ಕೈಯಲ್ಲಿ ಯಾವಾಗಲೂ ಮಂದವಾದ ಕೆಂಪು ದೀಪ. ಆ ದೀಪದಡಿ ಕೆಂಪು ಶಾಯಿ ಮಾಯವಾಗುತ್ತದೆ, ಕಿತ್ತಳೆ ಬಣ್ಣವೂ ಕಾಗದದಲ್ಲಿ ಕರಗುತ್ತದೆ. ಹಗಲಲ್ಲಿ ಎಷ್ಟೇ ಸೊಗಸಾಗಿದ್ದರೂ ನಕ್ಷತ್ರಪುಂಜದ ಗೆರೆಯನ್ನು ಕೆಂಪಿನಲ್ಲಿ ಎಳೆದರೆ ಅದು ಇಲ್ಲದಂತೆಯೇ. ಬಿಳಿಯ ಮೇಲೆ ಕಪ್ಪು ಮಾತ್ರ ಕೊನೆತನಕ ಕೈಹಿಡಿಯುತ್ತದೆ.

ಇನ್ನೊಂದು ಪುಟವನ್ನಂತೂ ನಾನು ಎಷ್ಟು ನೋಡಿದರೂ ತಣಿಯುವುದಿಲ್ಲ. ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳ ಅಲೆಗೆರೆ ಅದು. ನಡುವೆ ಮೇಲಿಂದ ಕೆಳಕ್ಕೆ ಇಳಿದ ಪಟ್ಟಿಯೇ ಗುರು. ಅದರ ಎಡಬಲಕ್ಕೆ ನಾಲ್ಕು ಗೆರೆಗಳು ಜಡೆ ಹೆಣೆದಂತೆ ಓಡುತ್ತವೆ. ಅಯೋ ಸುಮಾರು 1.77 ದಿನಕ್ಕೊಂದು ಸುತ್ತು ಹಾಕುವುದರಿಂದ ಅದರ ಅಲೆ ಇಕ್ಕಟ್ಟು. ಕ್ಯಾಲಿಸ್ಟೋ 16.7 ದಿನ ತೆಗೆದುಕೊಳ್ಳುತ್ತದೆ, ಅದರ ಅಲೆ ವಿಶಾಲ. ನಮ್ಮ ರಾತ್ರಿ ಒಂಬತ್ತು ಗಂಟೆ ಎಂದರೆ ವಿಶ್ವಮಾನ ಕಾಲ ಮಧ್ಯಾಹ್ನ ಮೂರೂವರೆ. ಆ ದಿನದ ಆ ಹೊತ್ತಿಗೆ ಒಂದು ಅಡ್ಡಗೆರೆ ಎಳೆದುಕೊಂಡರೆ ಯಾವ ಚುಕ್ಕಿ ಯಾವುದು ಎಂದು ತಿಳಿಯುತ್ತದೆ. ತಿಂಗಳಿಡೀ ನಡೆಯುವ ಓಡಾಟವನ್ನು ಅರ್ಧ ಪುಟಕ್ಕೆ ಇಳಿಸಿದ ಈ ಚಿತ್ರದಲ್ಲಿ ತೆಗೆದುಹಾಕಬಹುದಾದ ಗೆರೆ ಒಂದೂ ಇಲ್ಲ.

ಅಚ್ಚಿನಲ್ಲಿ ಆಗದ್ದನ್ನು ಪತ್ರಿಕೆಯ ಜಾಲತಾಣ ಮಾಡಬಲ್ಲದು. ನಡುಪುಟದ ನಕ್ಷೆ ಉತ್ತರ ಅಕ್ಷಾಂಶ 40 ಡಿಗ್ರಿಯ ಓದುಗರಿಗಾಗಿ ಬರೆದದ್ದು. ಅಲ್ಲಿ ಧ್ರುವ ನಕ್ಷತ್ರ 40 ಡಿಗ್ರಿ ಎತ್ತರದಲ್ಲಿದ್ದರೆ ಬೆಂಗಳೂರಿನಲ್ಲಿ ಬರೀ 13 ಡಿಗ್ರಿ. ಅಲ್ಲಿ ಅಗಸ್ತ್ಯ ನಕ್ಷತ್ರ ಹುಟ್ಟುವುದೇ ಇಲ್ಲ. ನಮ್ಮಲ್ಲಿ ಅದು ದಕ್ಷಿಣದಲ್ಲಿ ಸುಮಾರು 24 ಡಿಗ್ರಿ ಏರಿ ಬೆಳಗುತ್ತದೆ. ಜಾಲತಾಣದ ನಕ್ಷೆಗೆ ಊರನ್ನೂ ಹೊತ್ತನ್ನೂ ಕೊಟ್ಟೆವೋ, ವೃತ್ತ ನಮ್ಮದಾಗುತ್ತದೆ, ಅಗಸ್ತ್ಯನೂ ಒಳಗೆ ಬರುತ್ತಾನೆ. ಗುರುವಿನ ಉಪಗ್ರಹಗಳ ಚಿತ್ರವನ್ನು ತಲೆಕೆಳಗಾಗಿಯೂ ಕನ್ನಡಿಯಲ್ಲಿ ಕಂಡಂತೆಯೂ ತಿರುಗಿಸಿಕೊಳ್ಳಬಹುದು. ನ್ಯೂಟನ್ ಮಾದರಿಯ ದರ್ಪಣ ದೂರದರ್ಶಕ ಬಿಂಬವನ್ನು ತಲೆಕೆಳಗು ಮಾಡುತ್ತದೆ. ಮಸೂರದ ದೂರದರ್ಶಕಕ್ಕೆ ಓರೆಕನ್ನಡಿ ಸಿಕ್ಕಿಸಿದರೆ ಎಡಬಲ ಅದಲುಬದಲು. ಇದನ್ನು ಬಲ್ಲವರು ಮಾತ್ರ ಅಂಥ ಗುಂಡಿಯನ್ನು ಪರದೆಯ ಮೇಲೆ ಇಡಲು ಸಾಧ್ಯ.

ಪರದೆಗೆ ಅದರದ್ದೇ ತೊಡಕುಗಳಿವೆ. ಬೆಳ್ಳಗೆ ಹೊಳೆಯುವ ಪುಟ ಅರ್ಧ ಗಂಟೆಯ ಕಾಯುವಿಕೆಯನ್ನು ನುಂಗುತ್ತದೆ. ಎಲ್ಲಿಂದಲೋ ತೇಲಿಬಂದು ಕೂರುವ ಜಾಹೀರಾತು ಇನ್ನೂ ಕೆಟ್ಟದ್ದು. ಚಳಿಗೆ ಮರಗಟ್ಟಿದ ಬೆರಳಿಗೆ ಸಿಗದ ಚಿಕ್ಕ ಗುಂಡಿ, ಮೂರು ಪಟ್ಟಿ ತೆರೆದ ಮೇಲೆ ಸಿಗುವ ನಕ್ಷೆ, ಇವೆಲ್ಲ ಕಚೇರಿಯ ಕುರ್ಚಿಯಲ್ಲಿ ಕುಳಿತವರಿಗೆ ತಪ್ಪೆಂದೇ ಅನ್ನಿಸದ ತಪ್ಪುಗಳು. ಜಾಲತಾಣ ಕಟ್ಟುವವರು ಸಾಮಾನ್ಯವಾಗಿ ಓದುಗ ಎಷ್ಟು ಹೊತ್ತು ಉಳಿದ ಎಂದು ಅಳೆಯುತ್ತಾರೆ. ಲೇಖನಗಳಿಗೆ ಆ ಅಳತೆ ಸರಿ ಇರಬಹುದು. ನಕ್ಷೆಯ ಪುಟಕ್ಕೆ ಮಾತ್ರ, ಎಷ್ಟು ಬೇಗ ಬೇಕಾದ್ದನ್ನು ಕೊಟ್ಟು ಅವನನ್ನು ಆಕಾಶಕ್ಕೆ ಬಿಟ್ಟುಕೊಟ್ಟಿತು ಎಂಬುದೇ ನಿಜವಾದ ಅಳತೆ.

ಕನ್ನಡದ ಮಕ್ಕಳಿಗಾಗಿ ನಕ್ಷೆ ಬರೆಯುವವರು ಈ ಅಳತೆಯನ್ನು ಕೈಯಲ್ಲಿ ಹಿಡಿದೇ ಕೂರಬೇಕು. ನಮ್ಮ ಅಕ್ಷಾಂಶಕ್ಕೆ ಹೊಂದಿದ, ಒಂದೇ ಹಾಳೆಯ ಕಪ್ಪು ಬಿಳುಪು ನಕ್ಷೆ ಇರಲಿ. ಅದರಲ್ಲಿ ಲುಬ್ಧಕ, ರೋಹಿಣಿ, ಕೃತ್ತಿಕೆ, ತ್ರಿಶಂಕು ಎಂಬ ಹೆಸರುಗಳು ದಪ್ಪಕ್ಷರದಲ್ಲಿ ಇರಲಿ. ಕರಡು ತಿದ್ದುವ ಕೆಲಸವನ್ನು ಅಮಾವಾಸ್ಯೆಯ ರಾತ್ರಿಗೆ ಇಟ್ಟುಕೊಂಡು, ಹತ್ತು ವರ್ಷದ ಒಂದು ಮಗುವಿನ ಕೈಗೆ ಆ ಹಾಳೆಯನ್ನೂ ಕೆಂಪು ದೀಪವನ್ನೂ ಕೊಡಬೇಕು. ಮಗು ಅಗಸ್ತ್ಯನನ್ನು ತಾನೇ ಹುಡುಕಿಕೊಂಡರೆ ಅಚ್ಚಿಗೆ ಕಳಿಸಬಹುದು.