ಗೋರ್ಲಿಟ್ಸ್‌ನಿಂದ ಅಕ್ಕನಿಗೆ



ಇಲ್ಲಿ ರಾತ್ರಿ ಹನ್ನೊಂದೂವರೆ. ನಿಮಗೆ ಬೆಳಗಿನ ಜಾವ ನಾಲ್ಕು. ಅಪ್ಪ ಇನ್ನೇನು ಎದ್ದು ಕಾಫಿಗೆ ನೀರಿಡುತ್ತಾರೆ. ಕಣ್ಣಿನ ಆಪರೇಷನ್ ಆದವರು ಬಗ್ಗಿ ಭಾರ ಎತ್ತಬಾರದು, ಕಣ್ಣಿಗೆ ಹೊಗೆ ತಾಗಬಾರದು ಅಂತ ನೀನೇ ದಿನಾ ಹೇಳು. ಎರಡು ಡ್ರಾಪ್ಸ್ ನಡುವೆ ಐದು ನಿಮಿಷ ಬಿಡಬೇಕು. ನಾನು ಫೋನಿನಲ್ಲಿ ಹೇಳಿದರೆ ‘ಹೂಂ’ ಅಂದು ಮಾತು ಬದಲಿಸುತ್ತಾರೆ.

ನಾನು ಆರಾಮಾಗಿದ್ದೇನೆ, ಚಿಂತೆ ಬೇಡ. ಸ್ವೆಟರ್ ಮೇಲೆ ಸ್ವೆಟರ್ ಹಾಕುತ್ತೇನೆ, ರೂಮಿನಲ್ಲಿ ಹೀಟರ್ ಚೆನ್ನಾಗಿದೆ. ಕೆಲಸ ಉಗಿ ಟರ್ಬೈನ್ ಕಾರ್ಖಾನೆಯಲ್ಲಿ. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಕರೆಂಟ್ ತೆಗೆಯುತ್ತಾರಲ್ಲ, ಆ ಜಾತಿಯವು. ನೂರು ವರ್ಷಕ್ಕೂ ಮೇಲಿನಿಂದ ಈ ಊರಿನಲ್ಲಿ ಟರ್ಬೈನ್ ಮಾಡುತ್ತಿದ್ದಾರೆ. ರೋಟರ್ ಬ್ಯಾಲೆನ್ಸ್ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ ಅಂತ ಭಾವನಿಗೆ ಹೇಳು, ಅವರಿಗೆ ಖುಷಿಯಾಗುತ್ತದೆ.

ಊರು ಚೆಂದ. ಯುದ್ಧದಲ್ಲಿ ಹೆಚ್ಚು ಹಾಳಾಗದೆ ಉಳಿದದ್ದರಿಂದ ಸುಮಾರು 4,000 ಹಳೇ ಕಟ್ಟಡಗಳು ರಕ್ಷಿತ ಪಟ್ಟಿಯಲ್ಲಿವೆ. ಚಿನ್ನುಗೆ ಹೇಳು, ‘ದಿ ಗ್ರಾಂಡ್ ಬುಡಾಪೆಸ್ಟ್ ಹೋಟೆಲ್’ ಸಿನಿಮಾದ ಹೋಟೆಲಿನ ಒಳಗನ್ನು ಇಲ್ಲಿಯ ಹಳೇ ಅಂಗಡಿ ಮಾಳಿಗೆಯಲ್ಲೇ ತೆಗೆದದ್ದು. ಆದರೆ ನನಗೆ ಹಿಡಿಸಿದ್ದು ಬೇರೆಯದು. 1995ರಿಂದ 2016ರವರೆಗೆ ಯಾರೋ ಪುಣ್ಯಾತ್ಮರು ಹಳೇ ಮನೆಗಳ ದುರಸ್ತಿಗೆ ಅಂತ ಪ್ರತಿ ವರ್ಷ ಹತ್ತು ಲಕ್ಷ ಮಾರ್ಕ್, ಯೂರೋ ಬಂದಮೇಲೆ ಐದು ಲಕ್ಷ ಯೂರೋಗೂ ಮೇಲೆ ಕೊಟ್ಟರಂತೆ. ಹೆಸರು ಹೊರಗೆ ಬರಬಾರದು ಅನ್ನೋದೊಂದೇ ಷರತ್ತು. ಅಷ್ಟು ಕೊಟ್ಟು ಒಂದು ಕಲ್ಲಿನ ಮೇಲೂ ಹೆಸರು ಕೆತ್ತಿಸಿಕೊಳ್ಳಲಿಲ್ಲ.

ಊರಿನ ಅಂಚಿಗೆ ನೈಸೆ ನದಿ. ನಮ್ಮ ತುಂಗೆಯಷ್ಟೂ ಅಗಲವಿಲ್ಲ. 1945ರಲ್ಲಿ ಅದನ್ನೇ ಗಡಿ ಮಾಡಿ ಊರನ್ನು ಇಬ್ಭಾಗ ಮಾಡಿದರು. ಈಚೆ ಜರ್ಮನಿ, ಆಚೆ ಪೋಲೆಂಡಿನ ಝ್ಗೊಝೆಲೆಟ್ಸ್. ಸೋತು ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನಿಕರು ಅದೇ ವರ್ಷ ಮೇ 7ರಂದು ಹಾರಿಸಿಬಿಟ್ಟ ಸೇತುವೆಯನ್ನು ಮತ್ತೆ ಕಟ್ಟಿದ್ದು 2004ರಲ್ಲಿ. ನಡೆದು ದಾಟಿದರೆ ಎರಡೇ ನಿಮಿಷ. ಪಾಸ್‌ಪೋರ್ಟ್, ಇಲ್ಲಿಯ ಪರ್ಮಿಟ್ ಕಾರ್ಡ್ ಯಾವಾಗಲೂ ಕೋಟಿನ ಒಳಜೇಬಿನಲ್ಲೇ ಇರುತ್ತವೆ, ಅಮ್ಮನಿಗೆ ಹೇಳು.

ಭಾನುವಾರ ಜರ್ಮನಿಯ ಕಡೆ ಅಂಗಡಿಗಳೆಲ್ಲ ಬಂದ್. ಬ್ರೆಡ್ ತಿಂದು ಬೇಜಾರಾಗಿತ್ತು. ಜೊತೆಗೆ ಕೆಲಸ ಮಾಡುವ ಪೋಲಿಷ್ ಹುಡುಗಿಯ ಮನೆ ಆಚೆ ದಡದಲ್ಲಿದೆ. ‘ಬಾ, ನಿನಗೆ ಊಟ ಹಾಕಿಸುತ್ತೇನೆ’ ಅಂತ ಒಂದು ಸಣ್ಣ ಊಟದ ಮನೆಗೆ ಕರೆದುಕೊಂಡು ಹೋದಳು. ನಾಲ್ಕೇ ಮೇಜು. ಅಡುಗೆಯಾಕೆಗೆ ಎಪ್ಪತ್ತು ದಾಟಿರಬೇಕು. ಪಿಯೆರೊಗಿ ಅಂತ ಮಾಡುತ್ತಾರೆ, ನಮ್ಮ ಕರಿಗಡಬಿನದೇ ಆಕಾರ. ಒಳಗೆ ಬೇಯಿಸಿದ ಆಲೂಗಡ್ಡೆ, ಹಾಲು ಒಡೆಸಿ ಮಾಡಿದ ಗಿಣ್ಣು, ಈರುಳ್ಳಿ, ಕರಿಮೆಣಸು. ಎಣ್ಣೆಯಲ್ಲಿ ಕರಿಯುವುದಿಲ್ಲ, ಉಪ್ಪುನೀರಿನಲ್ಲಿ ಬೇಯಿಸುತ್ತಾರೆ, ಬೆಂದದ್ದು ತಾನಾಗಿ ಮೇಲೆ ತೇಲುತ್ತದೆ. ಆಮೇಲೆ ಅದರ ಮೇಲೆ ಹಂದಿಯ ಕೊಬ್ಬು ಹುರಿದು ಸುರಿಯುತ್ತಾರೆ. ನಾನು ತಿನ್ನುವುದಿಲ್ಲ ಅಂತ ಹುಡುಗಿ ಹೇಳಿದಳು. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಬೇರೆ ಬಾಣಲೆ ತೆಗೆದು, ನನ್ನ ಕಣ್ಣೆದುರಿಗೇ ಸೋಪು ಹಾಕಿ ತಿಕ್ಕಿ, ಒರೆಸಿ, ಒಳಭಾಗ ನನಗೆ ತೋರಿಸಿದಳು. ಬೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಈರುಳ್ಳಿ ಕಂದು ಬಣ್ಣಕ್ಕೆ ತಿರುಗುವವರೆಗೆ ಬಿಡದೆ ಕೈಯಾಡಿಸಿದಳು. ತಟ್ಟೆ ಖಾಲಿಯಾಗುವ ಮೊದಲೇ ಇನ್ನೂ ನಾಲ್ಕು ಹಾಕಿದಳು. ಅವಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆಮೇಲೆ ನಮ್ಮ ಮೇಜಿಗೇ ಬಂದು ಕೂತಳು. ಈ ತಿಂಡಿ ಅವಳ ತಾಯಿಯ ಜೊತೆ ಬಂದದ್ದಂತೆ. ಯುದ್ಧ ಮುಗಿದು ಪೋಲೆಂಡಿನ ಪೂರ್ವ ಭಾಗ ಸೋವಿಯತ್ ಒಕ್ಕೂಟಕ್ಕೆ ಹೋದಾಗ ಲ್ವೀವ್ ಕಡೆಯ ಪೋಲಿಷ್ ಜನರನ್ನು ಗೂಡ್ಸ್ ರೈಲು ಹತ್ತಿಸಿ ಪಶ್ಚಿಮಕ್ಕೆ ಕಳಿಸಿದರು. ಆ ದಡದಲ್ಲಿದ್ದ ಜರ್ಮನ್ನರನ್ನು ನದಿಯ ಈಚೆಗೆ ಅಟ್ಟಿದ್ದರು. ಇವರಿಗೆ ಸಿಕ್ಕಿದ ಮನೆಯ ಬೀರುವಿನಲ್ಲಿ ಬೇರೆಯವರ ತಟ್ಟೆಗಳು ಹಾಗೇ ಇದ್ದವಂತೆ. ತಾಯಿ ಎಷ್ಟೋ ವರ್ಷ ಗೋಡೆಗೆ ಸುಣ್ಣ ಹೊಡೆಸಲಿಲ್ಲ, ಅವರು ವಾಪಸ್ ಬಂದರೆ ಏನು ಮಾಡೋದು ಅಂತ. ಹೆದರಿಕೆ ಸುಳ್ಳೇನಲ್ಲ. 1950ರಲ್ಲಿ ಪೂರ್ವ ಜರ್ಮನಿ ಈ ಝ್ಗೊಝೆಲೆಟ್ಸ್‌ನಲ್ಲೇ ಗಡಿಗೆ ಸಹಿ ಹಾಕಿತ್ತು, ನಿಜ. ಆದರೆ ಒಂದಾದ ಜರ್ಮನಿ ಪೋಲೆಂಡಿನ ಜೊತೆ ಗಡಿ ಒಪ್ಪಂದ ಮಾಡಿಕೊಂಡದ್ದು 1990ರಲ್ಲಿ. ಅಲ್ಲಿಯವರೆಗೆ ಎಷ್ಟು ಜನ ಗಂಟುಮೂಟೆ ಬಿಚ್ಚದೆ ಬದುಕಿದರೋ.

ನನಗೆ ಅಲ್ಲೇ ಅಜ್ಜಿ ನೆನಪಾದಳು ಅಕ್ಕಾ. ಮುಳುಗಡೆಯಲ್ಲಿ ಬಂದವಳು ಕೊನೆಯವರೆಗೂ ‘ನಮ್ಮೂರು’ ಅಂದರೆ ಹಿನ್ನೀರಿನ ಕೆಳಗಿನ ಊರನ್ನೇ ಹೇಳುತ್ತಿದ್ದಳು. ನಾವಿರುವ ಮನೆ ಅವಳಿಗೆ ಯಾವಾಗಲೂ ‘ಈಗಿನ ಮನೆ’. ಅಲ್ಲಿ ಏನು ಅಡುಗೆ ಮಾಡುತ್ತಿದ್ದರು, ಬಾವಿ ಎಲ್ಲಿತ್ತು ಅಂತ ನನಗೆ ಒಂದು ದಿನವೂ ಕೂತು ಕೇಳಿಸಿಕೊಳ್ಳಲು ಆಗಲೇ ಇಲ್ಲ, ಅಷ್ಟು ಚಿಕ್ಕವಳಿದ್ದೆ. ಅಪ್ಪನಿಗೆ ಗೊತ್ತಿರುತ್ತದೆ. ಕಣ್ಣು ಸರಿಹೋಗುವವರೆಗೆ ಓದುವ ಹಾಗೂ ಇಲ್ಲ, ಟೀವಿಯೂ ಇಲ್ಲ, ಸಂಜೆ ಹೊತ್ತು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೋ.

ಜಮೀನಿನ ವಿಷಯ ಕೇಳಿದ್ದೆಯಲ್ಲ. ಮುಳುಗಡೆ ಕಾಲದ ಕಾಗದಗಳು ಅಟ್ಟದ ಮೇಲಿನ ಟ್ರಂಕಿನಲ್ಲಿವೆ. ಹಸಿರು ಟ್ರಂಕ್ ಅಲ್ಲ, ಅದರ ಹಿಂದಿನದು. ಒಂದೊಂದನ್ನೂ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆದು ಕಳಿಸು. ಅಸಲು ಯಾರ ಕೈಗೂ ಕೊಡಬೇಡ, ಜೆರಾಕ್ಸ್ ಸಾಕು. ಬೀಗದ ಕೈ ದೊಡ್ಡತ್ತೆಯ ಹತ್ತಿರ ಇರಬೇಕು, ಅವರು ಸಾಗರಕ್ಕೆ ಹೋಗಿದ್ದರೆ ದೇವರ ಕೋಣೆಯ ಗೂಡಿನಲ್ಲಿ ನೋಡು, ಅಲ್ಲೂ ಇಲ್ಲದಿದ್ದರೆ ಭಾವನಿಗೆ ಹೇಳಿ